1/48 ಮಿಗ್-21 ಎಫ್‌ಎಲ್: ಮಳೆಗಾಲದಲ್ಲಿ ಹೊಳಪಿನ ಕಪ್ಪು ಬಣ್ಣ ಬಿಳಿಚಿಕೊಳ್ಳುತ್ತಿದೆ, ಅದರ ಮೇಲೆ ಅಲ್ಯುಮಿನಿಯಂ ಕೂರುತ್ತಿಲ್ಲ

ಬಸವನಗುಡಿ_ಬೆಂಚ್

ಎಲ್ಲರಿಗೂ ನಮಸ್ಕಾರ. ಎಡ್ವರ್ಡ್ ಕಂಪನಿಯವರ 1/48 ಅಳತೆಯ ಮಿಗ್-21 ಪಿಎಫ್ ವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್ ಇಟ್ಟುಕೊಂಡು ನಮ್ಮ ವಾಯುಪಡೆಯ ಎಫ್‌ಎಲ್ ರೂಪವನ್ನು ಕಟ್ಟುತ್ತಿದ್ದೇನೆ. ಬರೀ ಲೋಹದ ಮೈ ಬೇಕು, ಕ್ಯಾಮೊಫ್ಲಾಜ್ ಬೇಡ. ಜೋಡಣೆ ಮುಗಿದಿದೆ. ಕೀಲುಗಳನ್ನು 1000 ನಂಬರ್ ವಾಟರ್ ಪೇಪರ್‌ವರೆಗೆ ಉಜ್ಜಿ, ಗ್ರೇ ಪ್ರೈಮರ್ ಹೊಡೆದು, ಮೇಲೆ ಟಾಮಿಯಾ ಎಲ್‌ಪಿ-1 ಹೊಳಪಿನ ಕಪ್ಪು (ಲ್ಯಾಕರ್ ಬಣ್ಣ) ಹಾಕಿದ್ದೇನೆ.

ಈಗಿನ ತೊಂದರೆ ಹೀಗಿದೆ:

ಕಪ್ಪು ಹೊಡೆದ ಐದು ನಿಮಿಷಕ್ಕೆ ಎಡರೆಕ್ಕೆ ಮತ್ತು ಬೆನ್ನಿನ ಮೇಲೆ ಬಿಳಿ ಮಬ್ಬು ಬರುತ್ತದೆ. ಒಣಗಿದ ಮೇಲೂ ಹೋಗುವುದಿಲ್ಲ. ಬಲರೆಕ್ಕೆಯ ಕೆಳಗೆ ಮಬ್ಬು ಇಲ್ಲ, ಆದರೆ ಸೂಜಿಮೊನೆಯಷ್ಟು ಗುಂಡಗಿನ ಕುಳಿಗಳಿವೆ. ಅಲ್ಲೇ ಒಂದು ಮೂಲೆಯಲ್ಲಿ ಎಲ್‌ಪಿ-70 ಅಲ್ಯುಮಿನಿಯಂ ಹೊಡೆದು ನೋಡಿದರೆ ತರಿತರಿಯಾಗಿ ಕಾಣುತ್ತದೆ. ಅದರ ಮೇಲೆ ಪರೀಕ್ಷೆಗೆ ಅಂಟಿಸಿದ ಬೇಡದ ಡೆಕಾಲ್‌ನ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಅಡಿ ಪೂರ್ತಿ ಬೆಳ್ಳಗೆ ಮಿಂಚುತ್ತಿದೆ.

ಸಾಮಾನು: 0.3 ಸೂಜಿಯ ಏರ್‌ಬ್ರಷ್, 3 ಲೀಟರ್ ಟ್ಯಾಂಕ್ ಇರುವ ಸಣ್ಣ ಕಂಪ್ರೆಸರ್, ಒಂದೂವರೆ ಮೀಟರ್ ಪೈಪ್, ಗಾಳಿಯ ಒತ್ತಡ 20 ಪಿಎಸ್‌ಐ. ಥಿನ್ನರ್ ಜೆ.ಸಿ. ರೋಡ್‌ನಲ್ಲಿ ತಂದ ಎನ್‌.ಸಿ. (ನೈಟ್ರೋಸೆಲ್ಯುಲೋಸ್) ಥಿನ್ನರ್, ಬಣ್ಣಕ್ಕೆ ಸಮಸಮ. ಜಾಗ ಬಾಲ್ಕನಿ, ಹೊತ್ತು ಸಂಜೆ ಏಳರ ಮೇಲೆ.

ಪೂರ್ತಿ ಬಣ್ಣ ಕಿತ್ತು ಮೊದಲಿನಿಂದ ಶುರು ಮಾಡಬೇಕೇ, ಅಥವಾ ಇದನ್ನೇ ಉಳಿಸಿಕೊಳ್ಳಬಹುದೇ? ಪಿಎಫ್ ಕಿಟ್ಟಿನಲ್ಲಿ ಎಫ್‌ಎಲ್‌ಗಾಗಿ ಏನೇನು ಗಮನಿಸಬೇಕು ಅನ್ನುವುದನ್ನೂ ತಿಳಿಸಿ.

---

ವಾಟರ್‌ಪೇಪರ್2000

ಕೀಳುವುದು ಬೇಡ. ನೀವು ಒಂದೇ ಅಂದುಕೊಂಡಿರುವುದು ನಿಜಕ್ಕೂ ಎರಡು ಬೇರೆ ತೊಂದರೆ. ಹರಡಿಕೊಂಡ ಬಿಳಿ ಮಬ್ಬು ಸುತ್ತಲಿನ ಗಾಳಿಯ ತೇವದಿಂದ ಬಂದದ್ದು. ಗುಂಡಗಿನ ಕುಳಿಗಳು ಕಂಪ್ರೆಸರ್ ಪೈಪಿನೊಳಗಿಂದ ಹಾರಿಬಂದ ನೀರಿನ ಹನಿಗಳವು. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲು ಮಬ್ಬಿನದು. ಲ್ಯಾಕರ್ ಥಿನ್ನರ್ ಆರುವಾಗ ಮೇಲ್ಮೈಯ ಶಾಖ ಎಳೆದುಕೊಳ್ಳುತ್ತದೆ, ಬಣ್ಣದ ಪದರ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಜುಲೈ-ಆಗಸ್ಟ್‌ನ ಸಂಜೆ ಮಳೆ ನಿಂತ ಮೇಲೆ ಬೆಂಗಳೂರಿನಲ್ಲಿ 22 ಡಿಗ್ರಿ, ತೇವಾಂಶ ಶೇ. 85 ಎಂದಿಟ್ಟುಕೊಳ್ಳಿ. ಆಗ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 19.4 ಡಿಗ್ರಿ. ಅಂದರೆ ಬಣ್ಣದ ಪದರ ಮೂರು ಡಿಗ್ರಿ ತಣ್ಣಗಾದರೆ ಸಾಕು, ಅದರ ಮೇಲೆ ನೀರು ಕೂತು ಒಳಗೆ ಸಿಕ್ಕಿಕೊಳ್ಳುತ್ತದೆ. ಅದೇ ಮಧ್ಯಾಹ್ನ ಬಿಸಿಲು ಬಿದ್ದಾಗ 27 ಡಿಗ್ರಿ, ಶೇ. 60 ಇದ್ದರೆ ಎಂಟು ಡಿಗ್ರಿಗಿಂತ ಹೆಚ್ಚು ಇಳಿಯಬೇಕು. ಅಷ್ಟು ಇಳಿಯುವುದಿಲ್ಲ, ಮಬ್ಬೂ ಬರುವುದಿಲ್ಲ. ಹಾಗಾಗಿ ನಿಮ್ಮ ಬಣ್ಣದ್ದೇನೂ ತಪ್ಪಿಲ್ಲ, ಹೊತ್ತಿನದ್ದೇ ತಪ್ಪು. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಹೈಗ್ರೊಮೀಟರ್ ಒಂದನ್ನು ಬೆಂಚಿನ ಮೇಲಿಡಿ. ಶೇ. 70 ದಾಟಿದ್ದರೆ ಅವತ್ತು ಲ್ಯಾಕರ್ ಮುಟ್ಟಬೇಡಿ, ಸಣ್ಣ ಭಾಗಗಳನ್ನು ಕತ್ತರಿಸುವ, ಉಜ್ಜುವ ಕೆಲಸ ಮಾಡಿ. ಮಳೆಗಾಲದಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಒಳ್ಳೆಯ ಹೊತ್ತು.

ಎರಡನೆಯ ಕಾರಣ ಎನ್‌.ಸಿ. ಥಿನ್ನರ್. ಅದು ಬಲು ಬೇಗ ಆರುತ್ತದೆ. ಬೇಗ ಆರಿದಷ್ಟೂ ಪದರ ಹೆಚ್ಚು ತಣ್ಣಗಾಗುತ್ತದೆ, ಮಬ್ಬು ಜಾಸ್ತಿ. ಜೊತೆಗೆ ಅದರಲ್ಲಿರುವ ಟಾಲ್ವೀನ್, ಅಸಿಟೋನ್‌ನಂಥವು ಪಾಲಿಸ್ಟೈರೀನನ್ನು ತಿನ್ನುತ್ತವೆ. ಪ್ರೈಮರ್ ತೆಳುವಾಗಿರುವ ಕಡೆ, ಮುಖ್ಯವಾಗಿ ಉಜ್ಜಿದ ಕೀಲುಗಳ ಅಕ್ಕಪಕ್ಕ, ದೀಪವನ್ನು ಓರೆಯಾಗಿ ಹಿಡಿದು ನೋಡಿ. ಜೇಡರ ಬಲೆಯಂಥ ಸಣ್ಣ ಬಿರುಕುಗಳಿದ್ದರೆ ಅಲ್ಲಿ ಪ್ಲಾಸ್ಟಿಕ್ ಕೆಟ್ಟಿದೆ ಎಂದರ್ಥ. ಮಿ. ಸರ್ಫೇಸರ್ 1000 (ಗೀರು ತುಂಬುವ ಪ್ರೈಮರ್) ಎರಡು ಕೋಟ್ ತುಂಬಿಸಿ ಮತ್ತೆ ಉಜ್ಜಬೇಕು. ಎನ್‌.ಸಿ. ಥಿನ್ನರನ್ನು ಏರ್‌ಬ್ರಷ್ ತೊಳೆಯಲು ಇಟ್ಟುಕೊಳ್ಳಿ, ಅದಕ್ಕೆ ಬಹಳ ಚೆನ್ನಾಗಿದೆ. ಬಣ್ಣ ಕಲಸಲು ಮಿ. ಕಲರ್ ಲೆವೆಲಿಂಗ್ ಥಿನ್ನರ್ ಅಥವಾ ಟಾಮಿಯಾದ ರಿಟಾರ್ಡರ್ ಇರುವ ಲ್ಯಾಕರ್ ಥಿನ್ನರ್ ತನ್ನಿ. ರಿಟಾರ್ಡರ್ ಆರುವುದನ್ನು ನಿಧಾನಿಸುತ್ತದೆ. ಇದ್ದ ಥಿನ್ನರಿಗೇ ಬೇರೆ ರಿಟಾರ್ಡರ್ ಸೇರಿಸುವುದಾದರೆ ಶೇ. 5ರಿಂದ 10 ಸಾಕು. ಹೆಚ್ಚಾದರೆ ದಿನಗಟ್ಟಲೆ ಮೆತ್ತಗೆ ಉಳಿದು ಬೆರಳಚ್ಚು ಹಿಡಿಯುತ್ತದೆ.

ಈಗ ಉಳಿಸಿಕೊಳ್ಳುವ ಬಗೆ. ಒಣ ಮಧ್ಯಾಹ್ನ ನೋಡಿ, ಕಪ್ಪಿಗೆ ಬರೀ ಲೆವೆಲಿಂಗ್ ಥಿನ್ನರನ್ನು 12 ಪಿಎಸ್‌ಐಯಲ್ಲಿ, 8-10 ಸೆಂ.ಮೀ. ದೂರದಿಂದ, ಮೇಲ್ಮೈ ಈಗಷ್ಟೇ ಒದ್ದೆಯಾಯಿತು ಅನ್ನುವಷ್ಟು ಮಾತ್ರ ಹೊಡೆಯಿರಿ. ಪದರ ಮತ್ತೆ ಕರಗಿ, ಸಿಕ್ಕಿಕೊಂಡ ತೇವ ಹೊರಬಂದು ಕಪ್ಪು ಕಣ್ಣೆದುರೇ ತಿಳಿಯಾಗುತ್ತದೆ. ಹರಿಯುವಷ್ಟು ಹೊಡೆದರೆ ಪ್ಯಾನೆಲ್ ಗೆರೆಗಳೊಳಗೆ ಬಣ್ಣ ತುಂಬಿಕೊಳ್ಳುತ್ತದೆ, ಅಲ್ಲಿ ಕೈ ಹಿಡಿಯಿರಿ. ಕುಳಿ ಬಿದ್ದ ಬಲರೆಕ್ಕೆಗೆ ಇದು ಸಾಲದು. ಅದನ್ನು 24 ಗಂಟೆ ಒಣಗಲು ಬಿಟ್ಟು, 2000 ನಂಬರ್ ವಾಟರ್ ಪೇಪರ್‌ಗೆ ಒಂದು ಹನಿ ಪಾತ್ರೆ ಸೋಪು ಹಾಕಿ ಕುಳಿ ಮಾಯವಾಗುವ ತನಕ ಉಜ್ಜಿ, 4000ದಲ್ಲಿ ಮುಗಿಸಿ, ಮತ್ತೆ ಕಪ್ಪು ಹಾಕಿ.

---

ಗೇಜ್_ನೋಡಿ

ಕುಳಿಗಳ ವಿಷಯಕ್ಕೆ ಬರುತ್ತೇನೆ. ಕಂಪ್ರೆಸರ್ ಹೊರಗಿನ ಗಾಳಿಯನ್ನು 4 ಬಾರ್‌ಗೆ ಒತ್ತಿದಾಗ ಅದು ಸುಮಾರು ಐದನೇ ಒಂದು ಭಾಗದ ಜಾಗಕ್ಕೆ ಇಳಿಯುತ್ತದೆ. ಹೊರಗಡೆಯೇ ಶೇ. 85 ತೇವಾಂಶ ಇದ್ದರೆ, ಆ ಗಾಳಿ ಮತ್ತೆ ಕೋಣೆಯ ಉಷ್ಣತೆಗೆ ತಣಿದಾಗ ಅದರೊಳಗಿನ ಆವಿಯಲ್ಲಿ ಮುಕ್ಕಾಲು ಪಾಲು ನೀರಾಗಲೇಬೇಕು. ಅದು ಎಲ್ಲಿ ನೀರಾಗುತ್ತದೆ ಅನ್ನುವುದೇ ಪ್ರಶ್ನೆ. ಹೆಚ್ಚಿನ ಸಣ್ಣ ಕಂಪ್ರೆಸರ್‌ಗಳಲ್ಲಿ ತೇವ ಹಿಡಿಯುವ ಬಟ್ಟಲು ರೆಗ್ಯುಲೇಟರ್‌ಗೇ ಅಂಟಿಕೊಂಡಿರುತ್ತದೆ. ಮೋಟಾರು ಅರ್ಧ ಗಂಟೆ ಓಡಿ ಟ್ಯಾಂಕೇ ಬಿಸಿಯಾಗಿದ್ದಾಗ ಅಲ್ಲಿ ಗಾಳಿ ಇನ್ನೂ ಬೆಚ್ಚಗಿರುತ್ತದೆ, ಆವಿ ಆವಿಯಾಗಿಯೇ ದಾಟಿಹೋಗಿ ಮುಂದೆ ಪೈಪಿನಲ್ಲಿ ತಣ್ಣಗಾಗಿ ನೀರಾಗುತ್ತದೆ. ಬಟ್ಟಲು ಖಾಲಿ ಇದೆ ಅಂತ ನೆಮ್ಮದಿಯಾಗಿರಬೇಡಿ, ನೀರು ಅದನ್ನು ದಾಟಿಹೋಗಿರಬಹುದು.

ಮಾಡಬೇಕಾದ್ದು ಇಷ್ಟು. ಪೈಪ್ ಒಂದೂವರೆಯಿಂದ ಮೂರು ಮೀಟರಿಗೆ ಏರಿಸಿ, ಅದನ್ನು ಸುರುಳಿ ಸುತ್ತಿ ನೆಲದ ಮೇಲೆ, ಬ್ರಷ್ಷಿಗಿಂತ ಕೆಳಗೆ ಇಡಿ. ಬ್ರಷ್ಷಿನ ಹಿಡಿಕೆಯ ಬಳಿ ಇನ್ನೊಂದು ಸಣ್ಣ ಇನ್‌ಲೈನ್ ಫಿಲ್ಟರ್ ಹಾಕಿ. ಎಸ್‌.ಪಿ. ರೋಡ್ ಕಡೆ ನ್ಯೂಮ್ಯಾಟಿಕ್ ಸಾಮಾನು ಮಾರುವ ಅಂಗಡಿಯಲ್ಲಿ ಕಾಲಿಂಚಿನ ಬಿಎಸ್‌ಪಿ (ಪೈಪಿನ ತಿರುಪು ಎಳೆಯ ಅಳತೆ) ಫಿಲ್ಟರ್-ರೆಗ್ಯುಲೇಟರ್ ಕೇಳಿ, ಜೊತೆಗೆ ಕಾಲಿಂಚಿನಿಂದ ಎಂಟನೇ ಒಂದು ಇಂಚಿಗೆ ಇಳಿಸುವ ರೆಡ್ಯೂಸರ್ ತನ್ನಿ. ಬಹುತೇಕ ಏರ್‌ಬ್ರಷ್‌ಗಳ ಎಳೆ 1/8 ಬಿಎಸ್‌ಪಿ, ಆದರೂ ನಿಮ್ಮ ಬ್ರಷ್ಷಿನ ಪೈಪನ್ನೇ ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು, ಬ್ಯಾಡ್ಜರ್‌ನಂಥವುಗಳ ಎಳೆ ಬೇರೆ. ಎಳೆಗೆ ಟೆಫ್ಲಾನ್ ಟೇಪ್ ಮೂರು ಸುತ್ತು, ಬಿಗಿಯುವ ದಿಕ್ಕಿನಲ್ಲೇ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಂಡು ಅದರ ನಾರು ಒಳಗೆ ಸೇರುತ್ತದೆ.

ಇನ್ನು ಟ್ಯಾಂಕಿನ ಅಡಿಯಲ್ಲಿರುವ ತಿರುಪು. ಕೆಲಸ ಮುಗಿದ ಮೇಲೆ 1 ಬಾರ್‌ನಷ್ಟು ಒತ್ತಡ ಉಳಿಸಿಕೊಂಡು ಅದನ್ನು ತೆಗೆಯಿರಿ. ತುಕ್ಕು ಬಣ್ಣದ ನೀರು ಬಂದರೆ ಬಹಳ ಕಾಲದಿಂದ ತೆಗೆದಿಲ್ಲ ಎಂದು ತಿಳಿಯಿರಿ. ಸ್ವಚ್ಛ ನೀರು ಬರುವವರೆಗೆ ಬಿಡಿ. ಮಳೆಗಾಲದಲ್ಲಿ ಪ್ರತಿ ಸಲವೂ ಮಾಡಬೇಕಾದ ಕೆಲಸ ಇದು.

ಬಣ್ಣ ಹಾಕುವ ಮುನ್ನ ಪರೀಕ್ಷೆ: ಏರ್‌ಬ್ರಷ್ಷಿನ ಬಣ್ಣದ ಬಟ್ಟಲಲ್ಲಿ ಏನೂ ಇಲ್ಲದೆ, ಒಂದು ಕನ್ನಡಿಗೆ ಐದು ಸೆಂ.ಮೀ. ದೂರದಿಂದ ಒಂದು ನಿಮಿಷ ಬರೀ ಗಾಳಿ ಬಿಡಿ. ಒಂದು ಹನಿ ಕಂಡರೂ ಅವತ್ತು ಹೊಳಪಿನ ಬಣ್ಣ ಬೇಡ.

---

ಟೈಪ್77

ಎಫ್‌ಎಲ್ ಬಗ್ಗೆ. ಪಿಎಫ್ ಕಿಟ್ ಆರಿಸಿದ್ದು ಸರಿಯಾಗಿದೆ, ಹಲವರು ಅದರ ನಂತರದ ರೂಪವಾದ ಪಿಎಫ್‌ಎಂ ತಂದು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಎಫ್‌ಎಲ್ ಅಂದರೆ ಪಿಎಫ್‌ನ ಭಾರತದ ರೂಪ, ಎಚ್‌ಎಎಲ್‌ನಲ್ಲಿ ಟೈಪ್ 77. ಗಮನಿಸಬೇಕಾದ್ದು:

ಕ್ಯಾನೊಪಿ (ಪೈಲಟ್ ಮೇಲಿನ ಗಾಜಿನ ಮುಚ್ಚಳ) ಮತ್ತು ಮುಂದಿನ ಗಾಜು ಒಂದೇ ತುಂಡು, ಮುಂದುಗಡೆಗೆ ಎತ್ತಿಕೊಳ್ಳುತ್ತದೆ. ಪಿಎಫ್‌ಎಂನಿಂದ ಮುಂದೆ ಮುಂಗಾಜು ಬೇರೆ, ಕ್ಯಾನೊಪಿ ಬಲಕ್ಕೆ ತೆರೆಯುತ್ತದೆ. ಲಂಬ ಬಾಲ ಅಗಲದ್ದು ಬೇಕು, ಬ್ರೇಕ್ ಪ್ಯಾರಾಚೂಟಿನ ಗೂಡು ಅದರ ಬುಡದಲ್ಲಿ. ಕಿಟ್ಟಿನ ಸ್ಪ್ರೂಗಳಲ್ಲಿ (ಭಾಗಗಳು ಅಂಟಿಕೊಂಡಿರುವ ಚೌಕಟ್ಟು) ಬೇರೆ ಬೇರೆ ಬಾಲ ಇದ್ದರೆ ಅಂಟಿಸುವ ಮುನ್ನ ಫೋಟೊ ಪಕ್ಕದಲ್ಲಿಟ್ಟು ನೋಡಿ. ರೆಕ್ಕೆಯಡಿ ಒಂದೊಂದೇ ಪೈಲಾನ್ (ಶಸ್ತ್ರ ತೂಗುಹಾಕುವ ಆಧಾರ), ಒಟ್ಟು ಎರಡು. ನಾಲ್ಕು ಬಂದದ್ದು ಮುಂದಿನ ಎಂ, ಎಂಎಫ್, ಬಿಸ್‌ಗಳಲ್ಲಿ. ಪಿಟಾಟ್ ಕಂಬ (ವೇಗ ಅಳೆಯುವ ಉದ್ದ ಕೊಳವೆ) ಮೂಗಿನ ಮೇಲ್ಭಾಗದಲ್ಲಿ ನಟ್ಟನಡುವೆ. ಎಂಎಫ್, ಬಿಸ್‌ಗಳಲ್ಲಿ ಅದು ಬಲಕ್ಕೆ ಸರಿದಿರುತ್ತದೆ.

ಒಳಗೆ ಫಿರಂಗಿ ಇಲ್ಲ. ಜಿಪಿ-9 ಪಾಡ್ ಹಾಕುವುದಾದರೆ, ಅದರಲ್ಲಿರುವುದು ಎರಡು ನಳಿಕೆಯ 23 ಮಿ.ಮೀ. ಜಿಎಸ್‌ಎಚ್-23, ಅದು ಕೂರುವುದು ಹೊಟ್ಟೆಯ ನಡುವಿನ ಜಾಗದಲ್ಲಿ. ಆದ್ದರಿಂದ ಪಾಡ್ ಮತ್ತು ನಡುವಿನ ಇಂಧನ ಟ್ಯಾಂಕ್ ಎರಡನ್ನೂ ಒಟ್ಟಿಗೆ ತೋರಿಸುವ ಹಾಗಿಲ್ಲ. ಎರಡರಲ್ಲಿ ಒಂದು. ರೆಕ್ಕೆಗೆ ಕೆ-13 ಕ್ಷಿಪಣಿ, ಇಲ್ಲವೇ 57 ಮಿ.ಮೀ. ರಾಕೆಟ್‌ಗಳ ಯುಬಿ-16 ಪಾಡ್. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ನಿವಾಸದ ಮೇಲೆ ಎಫ್‌ಎಲ್‌ಗಳು ಬಳಸಿದ್ದು ಈ 57 ಮಿ.ಮೀ. ರಾಕೆಟ್‌ಗಳನ್ನೇ. ಆದರೆ 1971ರ ಯುದ್ಧದ ಹೊತ್ತಿಗೆ ಹಲವು ವಿಮಾನಗಳಿಗೆ ಹಸಿರು ಕ್ಯಾಮೊಫ್ಲಾಜ್ ಬಳಿದಿದ್ದರು, ಮಾದರಿಗಳೂ ಒಂದೇ ತೆರನಾಗಿರಲಿಲ್ಲ. ಬರೀ ಲೋಹದ ಮೈ ಬೇಕೆಂದರೆ ಮೊದಲು ಒಂದು ವಿಮಾನದ ಫೋಟೊ ಹಿಡಿದು, ಅದರ ‘ಸಿ’ ನಂಬರಿಗೆ (ಮೈಮೇಲೆ ಬರೆದಿರುವ ವಿಮಾನದ ಸಂಖ್ಯೆ) ತಕ್ಕಂತೆ ಹೋಗಿ. ಕಾಲಕ್ಕೆ ತಕ್ಕ ಶಸ್ತ್ರ, ಬಣ್ಣ, ನಂಬರ್ ಮೂರೂ ಕೂಡಿಬರಬೇಕು.

ಮಾರತಹಳ್ಳಿ ಕಡೆ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಿಗ್-21 ಇದೆ, ಹೋಗಿ ನೋಡಿ. ಮೇಲೆ ಹೇಳಿದ ಪಿಟಾಟ್, ಪೈಲಾನ್, ಕ್ಯಾನೊಪಿ ಗುರುತುಗಳಿಂದ ಅದು ಯಾವ ರೂಪ ಎಂದು ನೀವೇ ಓದಿಕೊಳ್ಳಬಹುದು. ರೂಪ ಬೇರೆಯಾದರೂ ಚಕ್ರದ ಗೂಡು, ಗಾಲಿಕಾಲಿನ ಪೈಪುಗಳು, ಹಿಂಬದಿಯ ನಳಿಕೆ ಇವುಗಳ ಫೋಟೊ ತೆಗೆದುಕೊಳ್ಳಿ. ಬಣ್ಣಕ್ಕೆ ಮಾತ್ರ ಅದನ್ನು ನಂಬಬೇಡಿ. ಹೊರಗೆ ನಿಲ್ಲಿಸಿದ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ.

---

ಬಸವನಗುಡಿ_ಬೆಂಚ್

ಎಲ್ಲರಿಗೂ ಧನ್ಯವಾದ. ಲೆವೆಲಿಂಗ್ ಥಿನ್ನರನ್ನು ಮಂಜಿನಂತೆ ಹೊಡೆದ ಮೇಲೆ ಎಡರೆಕ್ಕೆ, ಬೆನ್ನು ಎರಡೂ ತಿಳಿಯಾದವು. ಬಿರುಕು ಎಲ್ಲೂ ಇಲ್ಲ. ಬಲರೆಕ್ಕೆ ಉಜ್ಜಿ ಮತ್ತೆ ಕಪ್ಪು ಹಾಕಿದೆ, ಕನ್ನಡಿ ಪರೀಕ್ಷೆಯೂ ಪಾಸು.

ಮುಂದಿನದು ಅಲ್ಯುಮಿನಿಯಂ. ಕೈಯಲ್ಲಿರುವುದು ಎಲ್‌ಪಿ-70 (ಹೊಳಪಿನ ಅಲ್ಯುಮಿನಿಯಂ), ಎಲ್‌ಪಿ-38 (ಮಂಕು ಅಲ್ಯುಮಿನಿಯಂ), ಎಲ್‌ಪಿ-61 (ಲೋಹದ ಬೂದು). ಇದರ ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ) ಹಾಕಿದರೆ ಲೋಹದ ಹೊಳಪು ಸಾಯುತ್ತದೆ ಅನ್ನುತ್ತಾರೆ, ಹಾಕದಿದ್ದರೆ ಡೆಕಾಲ್ ಬೆಳ್ಳಗಾಗುತ್ತದೆ ಅನ್ನುತ್ತಾರೆ. ಯಾವುದನ್ನು ಹಿಡಿಯಲಿ? ಇನ್ನೊಂದು, ಬೇಗ ಒಣಗಲು ಮಾಡೆಲನ್ನು ಬಲ್ಬ್ ಇರುವ ಡಬ್ಬಿಯೊಳಗೆ ಇಡಬಹುದೇ?

---

ರಿವೆಟ್_ಲೈನ್

ಲೋಹದ ಬಣ್ಣದಲ್ಲಿ ಕಣ್ಣಿಗೆ ಬೀಳುವುದೆಲ್ಲ ಕೆಳಗಿನ ಕಪ್ಪಿನ ಗುಣ. ಅಲ್ಯುಮಿನಿಯಂ ಹಾಕುವ ಮುನ್ನ ಟ್ಯೂಬ್‌ಲೈಟಿನ ಪ್ರತಿಬಿಂಬ ಕಪ್ಪಿನಲ್ಲಿ ನೋಡಿ. ಅಂಚು ನೇರವಾಗಿ ಕಂಡರೆ ಮುಂದುವರಿಯಿರಿ, ಅಂಚು ಕೆದರಿದ್ದರೆ ಅಲ್ಲಿ 4000ದಲ್ಲಿ ಇನ್ನೊಮ್ಮೆ ಉಜ್ಜಿ. ಪುಟ್ಟಿ ತುಂಬಿದ ಕೀಲುಗಳು, ಅದರಲ್ಲೂ ರೆಕ್ಕೆ ದೇಹಕ್ಕೆ ಸೇರುವ ಜಾಗ ಮತ್ತು ಬೆನ್ನಿನ ನಡುಗೆರೆ, ಅಲ್ಯುಮಿನಿಯಂ ಬಿದ್ದಕೂಡಲೇ ಎದ್ದು ಕಾಣುತ್ತವೆ. ಕಪ್ಪು ಹಾಕಿ 24 ಗಂಟೆ, ಮಳೆಗಾಲವಾದರೆ 48 ಗಂಟೆ ಬಿಡಿ. ಒಳಗೆ ಥಿನ್ನರ್ ಉಳಿದಿದ್ದರೆ ಮೇಲಿನ ಲೋಹದ ಚೂರುಗಳು ಕಪ್ಪಿನೊಳಗೆ ಮುಳುಗಿ ಬೂದುಬಣ್ಣವಾಗುತ್ತದೆ.

ಎಲ್‌ಪಿ-70ರ ಒಂದು ಪಾಲಿಗೆ ಲೆವೆಲಿಂಗ್ ಥಿನ್ನರ್ ಎರಡು ಪಾಲು. ಸೀಸೆಯ ತಳದಲ್ಲಿ ಲೋಹದ ಪುಡಿ ಕೂತಿರುತ್ತದೆ, ಎರಡು ನಿಮಿಷ ಚೆನ್ನಾಗಿ ಕಲಕಿ, ಬಟ್ಟಲಿಗೆ ಹಾಕಿದ ಮೇಲೂ ಆಗಾಗ ಬ್ರಷ್ಷಿನಿಂದ ಕದಡಿ. 12-15 ಪಿಎಸ್‌ಐ, 5-7 ಸೆಂ.ಮೀ. ದೂರ, ಕೈ ನಿಲ್ಲಿಸದೆ ತೆಳ್ಳಗೆ ನಾಲ್ಕೈದು ಸಲ. ನಿಮಗೆ ತರಿ ಬಂದದ್ದಕ್ಕೆ 20 ಪಿಎಸ್‌ಐ ಕೂಡ ಕಾರಣ. ಬಣ್ಣ ಮೈ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಆರಿ ಪುಡಿಯಾಗಿ ಕೂರುತ್ತಿದೆ. ಒದ್ದೆ ಕೋಟ್ ಕೂಡ ಬೇಡ, ಲೋಹದ ಚೂರುಗಳು ತೇಲಿಹೋಗಿ ಕಲೆ ಕಟ್ಟುತ್ತವೆ. 10 ಮಿ.ಲೀ. ಸೀಸೆಯಲ್ಲಿ ಅರ್ಧ ಸಾಕು, ಮಿಕ್ಕದ್ದು ತಿದ್ದಲು ಇರಲಿ.

ಇಡೀ ಮೈ ಒಂದೇ ಹೊಳಪಾದರೆ ಆಟಿಕೆ ಆಗುತ್ತದೆ. 24 ಗಂಟೆ ಬಿಟ್ಟು, ಮಾಸ್ಕಿಂಗ್ ಟೇಪನ್ನು ಮೊದಲು ಅಂಗೈಗೆ ಎರಡು ಸಲ ಅಂಟಿಸಿ ಕಿತ್ತು ಅಂಟು ಇಳಿಸಿಕೊಂಡು, ಕೆಲವು ಪ್ಯಾನೆಲ್‌ಗಳಿಗೆ ಎಲ್‌ಪಿ-38, ಕೆಲವಕ್ಕೆ ಎರಡನ್ನೂ ಸಮ ಬೆರೆಸಿದ್ದು ಹೊಡೆಯಿರಿ. ಹಿಂಬದಿ ನಳಿಕೆಯ ಸುತ್ತ ಎಲ್‌ಪಿ-61ಕ್ಕೆ ಒಂದಷ್ಟು ಎಲ್‌ಪಿ-38. ಟೇಪ್ ಎಳೆಯುವಾಗ ಮೇಲಕ್ಕೆ ಎತ್ತಬೇಡಿ, ಹಿಂದಕ್ಕೆ ಮಡಚಿ ಮೈಗೆ ಒತ್ತಿದಂತೆ ಎಳೆಯಿರಿ. ಮೂಗಿನ ಶಂಕು ಮತ್ತು ಲಂಬ ಬಾಲದ ತುದಿ ರೇಡಿಯೊ ಅಲೆ ದಾಟಬೇಕಾದ ಭಾಗಗಳು, ಲೋಹವಲ್ಲ. ಅವು ಕಡು ಹಸಿರು. ಗಾಲಿಯ ನಡುಬಟ್ಟಲು ಅದಕ್ಕಿಂತ ತಿಳಿ ಹಸಿರು, ಟಾಮಿಯಾ ಎಕ್ಸ್-28 ಹತ್ತಿರ ಬರುತ್ತದೆ.

ಕ್ಲಿಯರ್ ಬಗ್ಗೆ ನನ್ನ ನಿಲುವು ಸ್ಪಷ್ಟ: ಎಲ್‌ಪಿ-70 ನಯವಾಗಿ ಕೂತಿದ್ದರೆ ಡೆಕಾಲಿಗೆ ಕ್ಲಿಯರ್ ಬೇಕಿಲ್ಲ. ಡೆಕಾಲ್ ಬೆಳ್ಳಗಾಗುವುದು ಅದರಡಿ ಸಿಕ್ಕಿದ ಗಾಳಿಯಿಂದ, ಗಾಳಿ ಸಿಗುವುದು ತರಿಯಿರುವ ಮೈಯಲ್ಲಿ. ನಯವಾದ ಲೋಹದ ಬಣ್ಣವೇ ಹೊಳಪಿನ ಮೈ. ಮಂಕಾದ ಎಲ್‌ಪಿ-38ರ ಮೇಲೆ ಡೆಕಾಲ್ ಬೀಳುವ ಜಾಗಕ್ಕೆ ಮಾತ್ರ ಎಕ್ಸ್-22 ಕ್ಲಿಯರನ್ನು ಎಕ್ಸ್-20ಎ ಥಿನ್ನರಿನಲ್ಲಿ ಸಮಸಮ ಮಾಡಿ ತೆಳ್ಳಗೆ ಹೊಡೆಯಿರಿ. ಎಕ್ಸ್-22ಕ್ಕೆ ಲ್ಯಾಕರ್ ಥಿನ್ನರ್ ಬೆರೆಸಿದರೆ ಬಹಳ ನಯವಾಗುತ್ತದೆ ನಿಜ, ಆದರೆ ಇಲ್ಲಿ ಅದು ಕೆಳಗಿನ ಅಲ್ಯುಮಿನಿಯಂ ಕದಡುತ್ತದೆ.

ಡೆಕಾಲ್ ಕತ್ತರಿಸುವಾಗ ಸುತ್ತಲಿನ ಪಾರದರ್ಶಕ ಅಂಚನ್ನು ಹೊಸ ಬ್ಲೇಡಿನಲ್ಲಿ ಬಣ್ಣದ ಅಂಚಿನವರೆಗೂ ತೆಗೆಯಿರಿ. ‘ಸಿ’ ನಂಬರ್‌ಗಳಲ್ಲಿ ಅಕ್ಷರಗಳ ನಡುವೆ ಒಂದೇ ಫಿಲ್ಮ್ ಹರಡಿರುತ್ತದೆ, ಲೋಹದ ಮೈಮೇಲೆ ಅದು ಎದ್ದು ಕಾಣುತ್ತದೆ. ಒಂದೊಂದು ಅಂಕೆಯನ್ನೂ ಬೇರೆ ಕತ್ತರಿಸಿ, ಕೆಳಗೆ ಟೇಪ್ ಅಂಟಿಸಿ ಸಾಲು ನೇರ ಮಾಡಿಕೊಂಡು ಕೂರಿಸಿ. ಉಗುರುಬೆಚ್ಚಗಿನ ನೀರು, ಜಾಗಕ್ಕೆ ಮಿ. ಮಾರ್ಕ್ ಸೆಟರ್ ಅಥವಾ ಮೈಕ್ರೊ ಸೆಟ್, ಹತ್ತಿಕಡ್ಡಿಯನ್ನು ನಡುವಿನಿಂದ ಹೊರಕ್ಕೆ ಉರುಳಿಸಿ. ಸಾಫ್ಟರನ್ನು (ಡೆಕಾಲ್ ಮೆತ್ತಗಾಗಿಸುವ ದ್ರವ) ಪ್ಯಾನೆಲ್ ಗೆರೆ ಇರುವಲ್ಲಿ ಮಾತ್ರ, ಒಂದು ಹನಿ. ಮೈಮೇಲೆ ಹರಿದರೆ ತಕ್ಷಣ ಒದ್ದೆ ಬ್ರಷ್ಷಿನಲ್ಲಿ ಎಳೆದುಕೊಳ್ಳಿ, ಬಿಟ್ಟರೆ ಲೋಹದ ಮೇಲೆ ಗೆರೆ ಉಳಿಯುತ್ತದೆ. ಒಣಗಿದ ಮೇಲೂ ಬೆಳ್ಳಗಿನ ಜಾಗ ಕಂಡರೆ ತೆಳ್ಳನೆಯ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಆ ರಂಧ್ರದ ಮೇಲೆ ಸಾಫ್ಟರ್ ಬಿಡಿ. ಅದು ಒಳಗಿಳಿದು ಗಾಳಿ ಹೊರಬರುತ್ತದೆ.

ನಮ್ಮ ವಾಯುಪಡೆಯ ರೌಂಡೆಲ್‌ನಲ್ಲಿ (ದುಂಡನೆಯ ಗುರುತು) ಹೊರಸುತ್ತು ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ತೆಳುವಾಗಿ ಅಚ್ಚಾದ ಶೀಟ್‌ಗಳಲ್ಲಿ ಕೆಳಗಿನ ಬೂದು ಇಣುಕಿ ಕೇಸರಿ ಮಂಕಾಗುತ್ತದೆ. ಹಾಗಿದ್ದರೆ ಅಷ್ಟೇ ಅಳತೆಯ ಬಿಳಿ ವೃತ್ತವನ್ನು ಬಿಳಿ ಡೆಕಾಲ್ ಹಾಳೆಯಿಂದ ಕೂದಲೆಳೆ ಚಿಕ್ಕದಾಗಿ ಕತ್ತರಿಸಿ ಕೆಳಗಿಡಿ, ಒಣಗಿದ ಮೇಲೆ ರೌಂಡೆಲ್.

---

ಗೇಜ್_ನೋಡಿ

ಬಲ್ಬ್ ಡಬ್ಬಿ: ಆಗತಾನೆ ಲ್ಯಾಕರ್ ಹೊಡೆದದ್ದನ್ನು ಇಡಬೇಡಿ. ಅದರ ಆವಿ ಬೆಂಕಿ ಹಿಡಿಯುವಂಥದ್ದು, ಮುಚ್ಚಿದ ಡಬ್ಬಿಯಲ್ಲಿ ಬಿಸಿ ಬಲ್ಬ್ ಜೊತೆ ಸೇರಬಾರದು. ಗಾಳಿಯಾಡುವ ಕಡೆ ಒಂದು ಗಂಟೆ ಇಟ್ಟು ವಾಸನೆ ಕಡಿಮೆಯಾದ ಮೇಲೆ, ಬಲ್ಬ್ ಇಲ್ಲದ ಮುಚ್ಚಳದ ಡಬ್ಬಿಯಲ್ಲಿ 200 ಗ್ರಾಂ ಸಿಲಿಕಾ ಜೆಲ್ ಹಾಕಿ ಇಡಿ. ಬಿಸಿ ಬೇಕೇ ಬೇಕೆಂದರೆ 40-45 ಡಿಗ್ರಿ ದಾಟಬಾರದು, ಇಲ್ಲದಿದ್ದರೆ ರೆಕ್ಕೆ ಮತ್ತು ಪಿಟಾಟ್ ಬಾಗುತ್ತವೆ.

ಬಾಲ್ಕನಿಯಲ್ಲಿದ್ದರೂ ಮಾಸ್ಕ್ ಬೇಕು. ಎನ್-95 ಧೂಳಿಗೆ ಮಾತ್ರ. ಲ್ಯಾಕರ್‌ಗೆ ಆರ್ಗಾನಿಕ್ ವೇಪರ್ ಕಾರ್ಟ್ರಿಜ್ ಇರುವ ಅರ್ಧಮುಖದ ಮಾಸ್ಕ್. ವಾಸನೆ ಒಳಗೆ ಬರತೊಡಗಿದರೆ ಕಾರ್ಟ್ರಿಜ್ ಬದಲಿಸಿ. ಬಳಸದಾಗ ಜಿಪ್ ಚೀಲದಲ್ಲಿ ಮುಚ್ಚಿಡಿ, ಇಲ್ಲದಿದ್ದರೆ ಸುಮ್ಮನೆ ಬಿಟ್ಟರೂ ಮುಗಿದುಹೋಗುತ್ತದೆ.

---

ಬಸವನಗುಡಿ_ಬೆಂಚ್

ಕೊನೆಯದೊಂದು. ಪಿಟಾಟ್ ಕಂಬವನ್ನು ಈಗಲೇ ಅಂಟಿಸಲೇ? ಕಿಟ್ಟಿನದು ಬಹಳ ತೆಳ್ಳಗಿದೆ.

---

ಟೈಪ್77

ಬೇಡ, ಎಲ್ಲ ಮುಗಿದ ಮೇಲೆ. ಮೂಗಿನ ಮೇಲೆ ನಡುಗೆರೆ ಹಿಡಿದು 0.5 ಮಿ.ಮೀ. ಡ್ರಿಲ್‌ನಲ್ಲಿ 4 ಮಿ.ಮೀ. ಆಳ ತೂತು ಈಗಲೇ, ಅಲ್ಯುಮಿನಿಯಂ ಬಣ್ಣಕ್ಕೆ ಮುಂಚೆಯೇ ಕೊರೆದುಕೊಳ್ಳಿ. ಕಂಬದ ಹಿಂತುದಿಗೂ ಅದೇ ಅಳತೆಯ ತೂತು ಕೊರೆದು ಹಿತ್ತಾಳೆ ತಂತಿ ಸೇರಿಸಿ ಸೂಪರ್‌ಗ್ಲೂ ಹಾಕಿ. ಬೇರೆಯಾಗಿಯೇ ಬಣ್ಣ ಹಚ್ಚಿ ಇಟ್ಟು, ಡೆಕಾಲ್ ಎಲ್ಲ ಆದ ಮೇಲೆ ಬಿಳಿ ಅಂಟಿನಲ್ಲಿ ಕೂರಿಸಿ. ಯಾರ ಕೈ ತಗುಲಿದರೂ ಮುರಿಯದೆ ಕಳಚಿಕೊಳ್ಳುತ್ತದೆ, ಮತ್ತೆ ಸಿಕ್ಕಿಸಬಹುದು. ಮುಂದಿನಿಂದ ಒಂದು ಸಲ, ಮೇಲಿನಿಂದ ಒಂದು ಸಲ ನೋಡಿ ನೇರ ಇದೆಯೇ ಅಂತ ಖಚಿತಪಡಿಸಿಕೊಂಡು ಅಂಟು ಒಣಗಲು ಬಿಡಿ.